ಇನ್ ಕೋಲ್ಡ್ ಬ್ಲಡ್ (1967): ಕೊಲೆಯನ್ನು ಯಾಕೆ ಅಷ್ಟು ತಡವಾಗಿ ತೋರಿಸುತ್ತಾರೆ?

ಸಿನಿಮಾ ಅಧ್ಯಯನದ ಪತ್ರಿಕೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಸಿನಿಮಾ ಇನ್ನೂ ತಲೆಯಲ್ಲಿ ಸುತ್ತುತ್ತಿರುವಾಗಲೇ ಬರೆದುಬಿಡುತ್ತಿದ್ದೇನೆ. ನಿರ್ದೇಶಕ ರಿಚರ್ಡ್ ಬ್ರೂಕ್ಸ್, ಛಾಯಾಗ್ರಾಹಕ ಕಾನ್ರಾಡ್ ಹಾಲ್, ಸಂಗೀತ ಕ್ವಿನ್ಸಿ ಜೋನ್ಸ್. ಮೂಲ, ನಿಜವಾಗಿ ನಡೆದ ಒಂದು ಕೊಲೆ ಪ್ರಕರಣದ ಬಗ್ಗೆ ಅಮೆರಿಕದ ಲೇಖಕ ಟ್ರೂಮನ್ ಕಪೋಟಿ ಬರೆದ ಇದೇ ಹೆಸರಿನ ಪುಸ್ತಕ. ಪೆರ್ರಿ ಸ್ಮಿತ್ ಪಾತ್ರದಲ್ಲಿ ರಾಬರ್ಟ್ ಬ್ಲೇಕ್, ಡಿಕ್ ಹಿಕಾಕ್ ಪಾತ್ರದಲ್ಲಿ ಸ್ಕಾಟ್ ವಿಲ್ಸನ್, ತನಿಖಾಧಿಕಾರಿ ಆಲ್ವಿನ್ ಡ್ಯೂಯಿ ಆಗಿ ಜಾನ್ ಫೋರ್ಸೈತ್.

ನಡೆದದ್ದು

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಹೋಲ್ಕಂಬ್ ಅಂತ ಒಂದು ಸಣ್ಣ ಹಳ್ಳಿ. ಗೋಧಿ ಬೆಳೆಯುವ ಸೀಮೆ. 1959ರ ನವೆಂಬರ್ 15ರ ನಸುಕಿಗೆ ಮುಂಚೆ ಅಲ್ಲಿನ ರೈತ ಹರ್ಬರ್ಟ್ ಕ್ಲಟರ್, ಹೆಂಡತಿ ಬಾನಿ, 16ರ ಮಗಳು ನ್ಯಾನ್ಸಿ, 15ರ ಮಗ ಕೆನ್ಯನ್, ನಾಲ್ವರನ್ನೂ ಡಿಕ್, ಪೆರ್ರಿ ಇಬ್ಬರೂ ಸೇರಿ ಕಟ್ಟಿಹಾಕಿ ಕೊಂದರು. ಆ ಮನೆಯ ತಿಜೋರಿಯಲ್ಲಿ 10,000 ಡಾಲರ್ ಇರುತ್ತದೆ ಅಂತ ಡಿಕ್‌ಗೆ ಜೈಲಿನಲ್ಲಿ ಒಬ್ಬ ಕೈದಿ ಹೇಳಿದ್ದ. ಅವನು ಹಿಂದೆ ಕ್ಲಟರ್ ಜಮೀನಿನಲ್ಲಿ ಕೆಲಸ ಮಾಡಿದವನು. ಆದರೆ ತಿಜೋರಿಯೇ ಇರಲಿಲ್ಲ. ಕ್ಲಟರ್ ವ್ಯವಹಾರವೆಲ್ಲ ಚೆಕ್ಕಿನಲ್ಲೇ. ಕೈಗೆ ಸಿಕ್ಕಿದ್ದು 50 ಡಾಲರಿಗೂ ಕಡಿಮೆ ನಗದು, ಒಂದು ರೇಡಿಯೋ, ಒಂದು ಬೈನಾಕ್ಯುಲರ್. ಕೊಲೆಯ ಸುದ್ದಿ ಕೇಳಿ ಬಾಯಿಬಿಟ್ಟವನೂ ಅದೇ ಕೈದಿ. ಡಿಸೆಂಬರ್ 30ಕ್ಕೆ ಇಬ್ಬರೂ ಲಾಸ್ ವೇಗಸ್‌ನಲ್ಲಿ ಸಿಕ್ಕಿಬಿದ್ದರು. 1960ರ ಮಾರ್ಚ್‌ನಲ್ಲಿ ವಿಚಾರಣೆ, 1965ರ ಏಪ್ರಿಲ್ 14ಕ್ಕೆ ಗಲ್ಲು.

ತೋರಿಸಿದ್ದು

ಇಲ್ಲಿ ನಿಧಾನವಾಗಿ ಓದಿ. ಈ ಸಿನಿಮಾದಲ್ಲಿ ಎಲ್ಲರೂ ತಡವರಿಸುವುದು ಇಲ್ಲೇ. ಘಟನೆ ನಡೆದ ಕ್ರಮ ಒಂದು, ಸಿನಿಮಾ ಅದನ್ನು ನಮಗೆ ಕೊಡುವ ಕ್ರಮ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಬೇಕು.

ಮೊದಲ ಭಾಗ ಪೂರ್ತಿ ಕ್ರಾಸ್ ಕಟಿಂಗ್, ಅಂದರೆ ಎರಡು ಜಾಗದಲ್ಲಿ ನಡೆಯುವುದನ್ನು ಒಂದಾದ ಮೇಲೊಂದು ಬದಲಿಸುತ್ತಾ ತೋರಿಸುವುದು. ಒಂದು ಕಡೆ ಕ್ಲಟರ್ ಮನೆಯ ಮಾಮೂಲಿ ಶನಿವಾರ. ಇನ್ನೊಂದು ಕಡೆ ಇಬ್ಬರು ಗಂಡಸರು, ಒಂದು ಕಾರು, ನೂರಾರು ಮೈಲಿ ದಾರಿ. ಕಾರು ಹತ್ತಿರ ಬರುತ್ತಾ ಇದೆ, ಮನೆಯವರಿಗೆ ಗೊತ್ತಿಲ್ಲ. ನಮಗೆ ಗೊತ್ತು. ರಾತ್ರಿ ಕಾರು ಮನೆಯ ಹತ್ತಿರ ಬಂದು ನಿಲ್ಲುತ್ತದೆ. ಇನ್ನೇನು ಒಳಗೆ ಹೋಗುತ್ತಾರೆ ಅನ್ನುವಾಗ ಕಟ್. ಬೆಳಗಾಗಿದೆ. ಚರ್ಚಿಗೆ ಒಟ್ಟಿಗೆ ಹೋಗಲು ಬಂದ ನ್ಯಾನ್ಸಿಯ ಗೆಳತಿ ಮನೆಯೊಳಗೆ ಕಾಲಿಡುತ್ತಾಳೆ.

ಅಂದರೆ ಮಧ್ಯದ ಆ ಕೆಲವು ಗಂಟೆಗಳನ್ನು ಸಿನಿಮಾ ಎತ್ತಿ ಬಚ್ಚಿಟ್ಟಿದೆ. ಅದು ವಾಪಸ್ ಬರುವುದು ತುಂಬಾ ಹೊತ್ತಾದ ಮೇಲೆ, ಇಬ್ಬರನ್ನೂ ಹಿಡಿದು ಕ್ಯಾನ್ಸಸ್‌ಗೆ ಕರೆತರುವಾಗ. ಕಾರಿನಲ್ಲಿ ಕೂತು ಪೆರ್ರಿ ಡ್ಯೂಯಿಗೆ ಹೇಳುತ್ತಾ ಹೋಗುತ್ತಾನೆ, ನಾವು ನೋಡುತ್ತಾ ಹೋಗುತ್ತೇವೆ.

"ಸಸ್ಪೆನ್ಸ್‌ಗಾಗಿ ಮುಚ್ಚಿಟ್ಟರು" ಅಂತ ಬರೆದರೆ ಉತ್ತರ ಅರ್ಧವೂ ಆಗುವುದಿಲ್ಲ. ಯೋಚಿಸಿ. ಕೊಂದವರು ಯಾರು ಅಂತ ಮೊದಲ ನಿಮಿಷಗಳಿಂದಲೇ ಗೊತ್ತು. ಸತ್ತವರು ಯಾರು ಅಂತಲೂ ಗೊತ್ತು. ಹಾಗಾದರೆ ಉಳಿದಿರುವ ಪ್ರಶ್ನೆ ಯಾವುದು? ದುಡ್ಡೇ ಇಲ್ಲ ಅಂತ ಖಾತ್ರಿಯಾದ ಮೇಲೂ ಯಾಕೆ ಕೊಂದರು ಅನ್ನುವುದು. ಕೊಲೆಯನ್ನು ಅದರ ಜಾಗದಲ್ಲೇ ತೋರಿಸಿದ್ದರೆ ನಾವು ಅವರಿಬ್ಬರನ್ನೂ ರಾಕ್ಷಸರು ಅಂತ ಒಂದು ಮೂಲೆಗೆ ಹಾಕಿ, ಪೊಲೀಸರು ಯಾವಾಗ ಹಿಡಿಯುತ್ತಾರೋ ಅಂತ ಕಾಯುತ್ತಿದ್ದೆವು. ಈಗ ಹಾಗಲ್ಲ. ಕೊಲೆಯನ್ನು ಕಣ್ಣಾರೆ ನೋಡುವ ಹೊತ್ತಿಗೆ ಪೆರ್ರಿಯ ಗಿಟಾರ್, ನೋಯುವ ಕಾಲು, ನಿಧಿ ಹುಡುಕುವ ಕನಸು, ಅಪ್ಪನ ಮೇಲಿನ ಸಿಟ್ಟು ಎಲ್ಲವೂ ಪರಿಚಯ ಆಗಿಬಿಟ್ಟಿರುತ್ತದೆ. ಗೊತ್ತಿರುವ ಮನುಷ್ಯ ಆ ಮನೆಯೊಳಗೆ ಹೋಗುತ್ತಾನೆ. ಅವನನ್ನು ದೂರ ತಳ್ಳಲು ಆಗುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ. ತಡ ಮಾಡಿದ್ದು ಇದಕ್ಕೆ.

ಆ ದೃಶ್ಯದ ಬೆಳಕನ್ನೂ ಗಮನಿಸಿ. ಕತ್ತಲ ಮನೆಯಲ್ಲಿ ಟಾರ್ಚ್ ಬೆಳಕು ಬಿದ್ದಷ್ಟೇ ಕಾಣುತ್ತದೆ. ರಕ್ತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನ್ಯಾನ್ಸಿಯ ಒಂದು ಬೆಳ್ಳಿ ಡಾಲರ್ ನಾಣ್ಯ ಉರುಳಿದಾಗ ಪೆರ್ರಿ ನೆಲದ ಮೇಲೆ ತೆವಳಿ ಅದನ್ನು ಎತ್ತಿಕೊಳ್ಳಬೇಕಾಗುತ್ತದೆ. ಒಂದೇ ಒಂದು ನಾಣ್ಯಕ್ಕಾಗಿ ತೆವಳುವ ಆ ಅವಮಾನ ನನಗೆ ಗುಂಡಿನ ಸದ್ದಿಗಿಂತ ಜಾಸ್ತಿ ಹೇಳುತ್ತದೆ.

ಇನ್ನೊಂದು ಮಾತು, ಇದನ್ನು ಬಿಡಬೇಡಿ. ಈ ಫ್ಲ್ಯಾಶ್‌ಬ್ಯಾಕ್ ಶುರುವಾಗುವುದು ಪೆರ್ರಿಯ ಬಾಯಿಂದ. ನಿಜವಾದ ಪ್ರಕರಣದಲ್ಲಿ ಪೆರ್ರಿ ಮೊದಲು, ಇಬ್ಬರು ಹೆಂಗಸರನ್ನು ಕೊಂದವನು ಡಿಕ್ ಅಂದಿದ್ದ. ಆಮೇಲೆ ಮಾತು ಬದಲಾಯಿಸಿ ನಾಲ್ವರನ್ನೂ ತಾನೇ ಕೊಂದೆ ಅಂದ. ಹಾಗಾಗಿ "ಸಿನಿಮಾ ಸತ್ಯವನ್ನು ತೋರಿಸುತ್ತದೆ" ಅಂತ ಬರೆಯುವ ಬದಲು "ತಪ್ಪೊಪ್ಪಿಗೆಯನ್ನು ತೋರಿಸುತ್ತದೆ" ಅಂತ ಬರೆಯಿರಿ.

ಮಳೆಯ ಶಾಟ್

ಗಲ್ಲಿಗೆ ಸ್ವಲ್ಪ ಮುಂಚೆ ಪೆರ್ರಿ ಕಿಟಕಿಯ ಪಕ್ಕ ನಿಂತು ಅಪ್ಪನ ಬಗ್ಗೆ ಮಾತಾಡುತ್ತಾನೆ. ಹೊರಗೆ ಮಳೆ. ಗಾಜಿನ ಮೇಲೆ ನೀರು ಇಳಿಯುತ್ತಿದೆ. ಹೊರಗಿಂದ ಬರುವ ಗಟ್ಟಿ ಬೆಳಕು ಆ ನೀರನ್ನು ದಾಟಿ ಮುಖಕ್ಕೆ ಬೀಳುತ್ತದೆ. ನೀರು ಹರಿದಂತೆ ಕೆನ್ನೆಯ ಮೇಲೂ ಗೆರೆಗಳು ಇಳಿಯುತ್ತವೆ. ನಟನ ಕಣ್ಣು ಒಣಗಿದೆ, ಮುಖ ಅಳುತ್ತಿದೆ. ಇದು ಮೊದಲೇ ಯೋಚಿಸಿ ಮಾಡಿದ್ದಲ್ಲ, ಬೆಳಕು ಹೊಂದಿಸುವಾಗ ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದದ್ದು ಅಂತ ಕಾನ್ರಾಡ್ ಹಾಲ್ ಆಮೇಲೆ ಹೇಳಿಕೊಂಡಿದ್ದಾರೆ. ಕಂಡದ್ದನ್ನು ಕೈಬಿಡದೆ ಹಿಡಿದುಕೊಂಡದ್ದೇ ಅವರ ದೊಡ್ಡತನ.

ಬಣ್ಣದಲ್ಲಿ ತೆಗೆದಿದ್ದರೆ ಇದು ಇಷ್ಟು ತೀಕ್ಷ್ಣವಾಗಿ ಬರುತ್ತಿತ್ತಾ? ನನಗೆ ಅನುಮಾನ. ಸಿನಿಮಾದ ಸ್ಟುಡಿಯೋ ಕೊಲಂಬಿಯಾ ಕೇಳಿದ್ದು ಬಣ್ಣವನ್ನೇ. ಜೊತೆಗೆ ಪಾಲ್ ನ್ಯೂಮನ್, ಸ್ಟೀವ್ ಮೆಕ್ವೀನ್‌ರಂಥ ಸ್ಟಾರ್‌ಗಳನ್ನೂ ಕೇಳಿತ್ತು. ಬ್ರೂಕ್ಸ್ ಎರಡಕ್ಕೂ ಒಪ್ಪಲಿಲ್ಲ. ಕಪ್ಪು ಬಿಳುಪು, ಅಷ್ಟೇನೂ ಹೆಸರಿಲ್ಲದ ಮುಖಗಳು ಸಾಕು ಅಂದರು.

ನಿಜವಾದ ಜಾಗಗಳು

ಕೊಲೆ ನಡೆದ ಅದೇ ಕ್ಲಟರ್ ಮನೆಯಲ್ಲಿ ಚಿತ್ರೀಕರಣ ಮಾಡಿದರು. ಅಸಲಿ ವಿಚಾರಣೆ ನಡೆದ, ಹೋಲ್ಕಂಬ್ ಹತ್ತಿರದ ಗಾರ್ಡನ್ ಸಿಟಿಯ ಕೋರ್ಟಿನಲ್ಲೇ ವಿಚಾರಣೆಯ ದೃಶ್ಯ ತೆಗೆದರು. ಅಸಲಿ ಜ್ಯೂರಿಯಲ್ಲಿದ್ದ ಕೆಲವರು ಸಿನಿಮಾದ ಜ್ಯೂರಿಯಲ್ಲೂ ಕೂತರು. ನೋಡುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಸತ್ತವರು ಮಲಗಿದ್ದ ಕೋಣೆಯಲ್ಲೇ ಕ್ಯಾಮೆರಾ ಇಡಬೇಕಿತ್ತಾ ಅಂತ ನನಗೆ ಇನ್ನೂ ಕಸಿವಿಸಿ. ಚರ್ಚೆಯ ಪ್ರಶ್ನೆ ಬಂದರೆ ಎರಡೂ ಕಡೆಯಿಂದ ಬರೆಯಬಹುದು.

ಕೊನೆಯ ಭಾಗ

ಜೆನ್ಸನ್ ಎಂಬ ಪತ್ರಕರ್ತನ ಪಾತ್ರ ಕಪೋಟಿಯ ಜಾಗದಲ್ಲಿ ಬಂದದ್ದು. ಮರಣದಂಡನೆಯ ಬಗ್ಗೆ ಅವನ ಮಾತು ನನಗೆ ಭಾಷಣದಂತೆ ಕೇಳಿಸುತ್ತದೆ. ಅದರ ಅಗತ್ಯವೇ ಇರಲಿಲ್ಲ. ಗಲ್ಲಿನ ದೃಶ್ಯದಲ್ಲಿ ಬರೀ ಎದೆಬಡಿತದ ಸದ್ದು ಆ ಕೆಲಸವನ್ನು ಮಾಡಿಬಿಡುತ್ತದೆ. ಮನೆಯಲ್ಲಿ ನಡೆದ ಕೊಲೆಯನ್ನು ಹಿಂದಕ್ಕೆ ತಳ್ಳಿ ಸಿನಿಮಾದ ಕೊನೆಯ ಭಾಗಕ್ಕೆ ತಂದಿದ್ದರಿಂದ, ಅದಕ್ಕೂ ಗಲ್ಲಿಗೂ ನಡುವಿನ ಅಂತರ ಕಡಿಮೆಯಾಗಿದೆ. ಅಸಲಿನಲ್ಲಿ ಐದು ವರ್ಷಕ್ಕೂ ಜಾಸ್ತಿ. ತೆರೆಯ ಮೇಲೆ ಎರಡೂ ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ, ಎರಡನ್ನೂ ಪೂರ್ತಿ ನೋಡಬೇಕಾಗುತ್ತದೆ.