ರೋಮಿನ ಚಿಲ್ಲರೆ ಕಾಸಿನ ಮೇಲೆ ದೇವರು ಬಂದದ್ದು ಹೇಗೆ?

ರೋಮಿನ ನಾಣ್ಯ ಅಂದರೆ ಚಿನ್ನ, ಬೆಳ್ಳಿಯದ್ದೇ ಮಾತು ಜಾಸ್ತಿ. ಆದರೆ ಅಲ್ಲಿನ ಸಾಮಾನ್ಯ ಜನ ದಿನಾ ಕೈಯಲ್ಲಿ ಹಿಡಿಯುತ್ತಿದ್ದದ್ದು ಕಂಚಿನ ಕಾಸು. ಪುರಾಣದ ದೇವರುಗಳೂ ಅವರ ಕೈಸೇರಿದ್ದು ಅದರಲ್ಲೇ.

ಮೊದಲು ಕಂಚಿನ ತುಂಡುಗಳನ್ನೇ ತೂಗಿ ಕೊಡುತ್ತಿದ್ದರು. ಕ್ರಿ.ಪೂ. 3ನೇ ಶತಮಾನದಲ್ಲಿ ದುಂಡನೆಯ ನಾಣ್ಯಗಳನ್ನು ಎರಕ ಹೊಯ್ಯತೊಡಗಿದರು. ಸುಮಾರು 225ರ ಹೊತ್ತಿಗೆ ಚಿತ್ರಗಳಿಗೆ ಒಂದು ಕ್ರಮ ಬಂತು. ‘ಆಸ್’ ಎಂಬ ದೊಡ್ಡ ನಾಣ್ಯದ ಮೇಲೆ ಬಾಗಿಲುಗಳ ದೇವರು ಜೇನಸ್. ಒಂದೇ ಕುತ್ತಿಗೆಯ ಮೇಲೆ ಗಡ್ಡದ ಎರಡು ಮುಖ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಹಿಂಬದಿಯಲ್ಲಿ ಯುದ್ಧದ ಹಡಗಿನ ಮುಂಭಾಗ. ಅರ್ಧ ಆಸ್‌ಗೆ ಸ್ಯಾಟರ್ನ್, ಮೂರನೇ ಒಂದಕ್ಕೆ ಮಿನರ್ವಾ, ಕಾಲು ಆಸ್‌ಗೆ ಸಿಂಹದ ಚರ್ಮ ತೊಟ್ಟ ಹರ್ಕ್ಯುಲಿಸ್, ಆರನೇ ಒಂದಕ್ಕೆ ರೆಕ್ಕೆ ಟೋಪಿಯ ಮರ್ಕ್ಯುರಿ. ಪಕ್ಕದಲ್ಲಿ ಬೆಲೆಯ ಚುಕ್ಕೆಗಳು, ಆಸ್‌ನ ಹನ್ನೆರಡನೇ ಒಂದು ಪಾಲಿಗೆ ಒಂದು ಚುಕ್ಕೆಯಂತೆ: ಹರ್ಕ್ಯುಲಿಸ್‌ಗೆ ಮೂರು, ಮರ್ಕ್ಯುರಿಗೆ ಎರಡು. ಓದು ಬಾರದವರಿಗೂ ಮುಖ ನೋಡಿದರೆ ಸಾಕು, ಬೆಲೆ ಗೊತ್ತಾಗುತ್ತಿತ್ತು. ಎಷ್ಟು ಒಳ್ಳೆಯ ಉಪಾಯ ಅಲ್ವಾ!

ಆ ಆಸ್ ಕಾಲು ಕಿಲೋಗೂ ಜಾಸ್ತಿ ತೂಗುತ್ತಿತ್ತು. ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಜೊತೆಗಿನ ಯುದ್ಧದ ಖರ್ಚಿಗೆ ಖಜಾನೆ ಸಾಲದೆ, ಕ್ರಿ.ಪೂ. 211ರ ಹೊತ್ತಿಗೆ ತೂಕ ಸುಮಾರು 50 ಗ್ರಾಂಗೆ ಇಳಿಯಿತು. ಲೋಹ ಕಮ್ಮಿಯಾದರೂ ಜೇನಸ್ ಉಳಿದ. ಹುಡುಗರು ನಾಣ್ಯ ಚಿಮ್ಮುವಾಗ ‘ತಲೆಯೋ ಹಡಗೋ’ ಎಂದು ಕೂಗುತ್ತಾರೆಂದು ಮ್ಯಾಕ್ರೋಬಿಯಸ್ ಎಂಬ ಲೇಖಕ ಎಷ್ಟೋ ಶತಮಾನಗಳ ನಂತರವೂ ಬರೆದಿದ್ದಾನೆ.

ಚಕ್ರವರ್ತಿಗಳ ಕಾಲಕ್ಕೆ ಮುಂಬದಿ ಹೆಚ್ಚಾಗಿ ಅರಸನ ಮುಖದ ಪಾಲಾಯಿತು. ಪುರಾಣ ಹಿಂಬದಿಗೆ ಸರಿಯಿತು, ಅದರ ಕೆಲಸವೂ ಬದಲಾಯಿತು. ಕ್ರಿ.ಶ. 140ರ ಸುಮಾರಿಗೆ ಚಕ್ರವರ್ತಿ ಆಂಟೊನೈನಸ್ ಪಯಸ್ ಹೊರಡಿಸಿದ ದೊಡ್ಡ ಹಿತ್ತಾಳೆ ನಾಣ್ಯವೊಂದರಲ್ಲಿ ರೋಮನ್ನರ ಪುರಾಣದ ಮೂಲಪುರುಷ ಈನಿಯಸ್ ಉರಿಯುವ ಟ್ರಾಯ್ ನಗರ ಬಿಟ್ಟು ಹೊರಟಿದ್ದಾನೆ. ಹೆಗಲ ಮೇಲೆ ಮುದಿ ತಂದೆ, ಕೈ ಹಿಡಿದು ಪುಟ್ಟ ಮಗ. 148ಕ್ಕೆ ರೋಮ್‌ಗೆ 900 ವರ್ಷ ತುಂಬುವುದಿತ್ತು. ಆದರೆ ಅದು ಸುಮ್ನೆ ಹಬ್ಬದ ಅಲಂಕಾರ ಅಂತ ನನಗೆ ಅನಿಸುವುದಿಲ್ಲ. ತನಗಿಂತ ಮೊದಲು ಆಳಿದ ದತ್ತು ತಂದೆ ಹೇಡ್ರಿಯನ್‌ಗೆ ದೇವರ ಪಟ್ಟ ಕೊಡಿಸಲು ಹಟ ಹಿಡಿದಿದ್ದ ಅರಸ ಅವನು. ತಂದೆಯನ್ನು ಹೊತ್ತ ಮಗನ ಚಿತ್ರ ಅವನ ಬಗ್ಗೆಯೂ ಮಾತಾಡುತ್ತಿತ್ತು.

ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತ ಧರ್ಮದ ಕಡೆ ವಾಲಿದ ಮೇಲೆ ಹಳೆಯ ದೇವರುಗಳು ನಾಣ್ಯದಿಂದ ಒಬ್ಬೊಬ್ಬರಾಗಿ ಇಳಿದರು. ತೋಳ ಮಾತ್ರ ಇಳಿಯಲಿಲ್ಲ. 330ರಿಂದ ಬಂದ ಪುಟ್ಟ ಕಂಚಿನ ಕಾಸಿನಲ್ಲಿ ರೋಮ್ ಹುಟ್ಟಿನ ಕಥೆಯ ಅವಳಿ ಮಕ್ಕಳಾದ ರೋಮ್ಯುಲಸ್, ರೀಮಸ್‌ಗೆ ಅದು ಹಾಲೂಡಿಸುತ್ತಿದೆ, ಮೇಲೆ ಎರಡು ನಕ್ಷತ್ರ. ತೋಳ ಪೂಜೆಯ ದೇವರಲ್ಲ, ಊರಿನ ಗುರುತು. ಅದಕ್ಕೇ ಉಳಿಯಿತು ಅನಿಸುತ್ತದೆ.

ಆ ಕಾಲದ ಚಿಕ್ಕ ಕಂಚಿನ ಕಾಸುಗಳು ತಮಿಳುನಾಡು, ಶ್ರೀಲಂಕಾದಲ್ಲಿ ರಾಶಿ ರಾಶಿ ಸಿಕ್ಕಿವೆ. ನಮ್ಮ ಚಂದ್ರವಳ್ಳಿ, ಯಶವಂತಪುರದಲ್ಲಿ ಸಿಕ್ಕಿದ್ದು ಅದಕ್ಕೂ ಹಳೆಯ ದಿನಾರಿ ಎಂಬ ರೋಮನ್ ಬೆಳ್ಳಿ ನಾಣ್ಯಗಳು.