ಒಂದೇ ಜ್ವಾಲೆ, ಹಲವು ಕಣ್ಣು: ಸೂರ್ಯನ ದತ್ತಾಂಶ ಹೊಂದಿಸುವ ಕಸುಬು

2024ರ ಫೆಬ್ರುವರಿ 22ರಂದು ಸೂರ್ಯನ ಮೇಲೆ ಎಕ್ಸ್6.3 ದರ್ಜೆಯ (ಎಕ್ಸ್ ಎಂದರೆ ಅತಿ ಪ್ರಬಲ ದರ್ಜೆ) ಜ್ವಾಲೆಯೊಂದು ಎದ್ದಿತು. ಅದು ಉತ್ತುಂಗಕ್ಕೇರಿದ್ದು 22:34ಕ್ಕೆ, ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದಲ್ಲಿ. ನಮ್ಮ ಗಡಿಯಾರದಲ್ಲಿ ಆಗ 23ರ ಬೆಳಗಿನ ಜಾವ 4:04. ಅಮೆರಿಕದ ಗೋಸ್ ಮತ್ತು ಎಸ್‌ಡಿಒ ಉಪಗ್ರಹಗಳು, ನಮ್ಮ ಆದಿತ್ಯ-ಎಲ್1 ನೌಕೆ ಮೂರೂ ಅದನ್ನು ಕಂಡವು. ಇವುಗಳ ದತ್ತಾಂಶ ಹುಡುಕುವವರು 23ನೇ ತಾರೀಖು ಹಾಕಿ, ಏನೂ ಸಿಗಲಿಲ್ಲವೆಂದು ಕೈಚೆಲ್ಲುವುದೂ ಉಂಟು. ಸೂರ್ಯನ ದತ್ತಾಂಶದ ಕೆಲಸದಲ್ಲಿ ಐಎಸ್‌ಟಿಯನ್ನು (ಭಾರತೀಯ ಸಮಯವನ್ನು) ಬಾಗಿಲ ಹೊರಗೇ ಬಿಟ್ಟು ಬರಬೇಕು.

ಮೊದಲಿಗೇ ಚಿತ್ರಗಳನ್ನು ಇಳಿಸಿಕೊಳ್ಳಬೇಡಿ. ಗೋಸ್ ಉಪಗ್ರಹದ ಎಕ್ಸ್-ಕಿರಣ ನಕ್ಷೆ (ಹೊತ್ತು ಕಳೆದಂತೆ ತೀವ್ರತೆಯ ಏರಿಳಿತ ತೋರುವ ಗೆರೆ) ತೆಗೆದು ಜ್ವಾಲೆಯ ಆರಂಭ, ಉತ್ತುಂಗ, ಇಳಿತದ ಸಮಯ ಬರೆದಿಟ್ಟುಕೊಳ್ಳಿ. ಹೀಲಿಯೋವ್ಯೂವರ್ ಜಾಲತಾಣದಲ್ಲಿ ಅದೇ ಹೊತ್ತಿನ ಚಿತ್ರಗಳ ಮೇಲೆ ಕಣ್ಣಾಡಿಸಿ, ಘಟನೆ ಸೂರ್ಯಬಿಂಬದ ಯಾವ ಮೂಲೆಯಲ್ಲಿ ನಡೆಯಿತು ಎಂದು ಗುರುತು ಮಾಡಿ. ಆಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಸನ್‌ಪೈ ಸಂಗ್ರಹದಲ್ಲಿರುವ ‘ಫಿಡೊ’ ಎಂಬ ಹುಡುಕು ಸಾಧನಕ್ಕೆ ಸಮಯ, ಉಪಕರಣ, ತರಂಗಾಂತರ ಈ ಮೂರನ್ನು ಕೊಟ್ಟರೆ ಹಲವು ಭಂಡಾರಗಳನ್ನು ಅದೇ ಜಾಲಾಡುತ್ತದೆ.

ಎಷ್ಟು ಬೇಕು ಎಂದು ಕೇಳುವ ಮುಂಚೆ ಗುಣಾಕಾರ ಮಾಡಿ ನೋಡಿ. ಎಸ್‌ಡಿಒದ ಎಐಎ ದೂರದರ್ಶಕ ಏಳು ತೀವ್ರ ಅತಿನೇರಳೆ ಚಾನೆಲ್‌ಗಳಲ್ಲಿ 12 ಸೆಕೆಂಡಿಗೊಮ್ಮೆ 4096×4096 ಪಿಕ್ಸೆಲ್‌ನ ಚಿತ್ರ ತೆಗೆಯುತ್ತದೆ. ಗಂಟೆಗೆ 2,100 ಚಿತ್ರ; ಒಂದಕ್ಕೆ ಸುಮಾರು 10 ಎಂಬಿ ಎಂದರೂ 21 ಜಿಬಿ. ಜ್ವಾಲೆಗೆ 500×500 ಪಿಕ್ಸೆಲ್‌ನ ತುಂಡು ಸಾಕು; ಅದು ಪೂರ್ಣ ಚಿತ್ರದ 67ನೇ ಒಂದು ಪಾಲು. ಸ್ಟ್ಯಾನ್‌ಫರ್ಡ್‌ನ ಜೆಸಾಕ್ ಭಂಡಾರ ಹೀಗೆ ಕತ್ತರಿಸಿಯೇ ಕೊಡುತ್ತದೆ. 2024ರ ನವೆಂಬರ್‌ನಲ್ಲಿ ಅಲ್ಲಿ ನೀರಿನ ಕೊಳವೆಯೊಂದು ಒಡೆದು ಸರ್ವರ್ ಕೋಣೆ ಜಲಾವೃತವಾಗಿತ್ತು. ಬೇಕಾದ ತುಂಡಿನ ಪ್ರತಿಯೊಂದು ನಮ್ಮ ಡಿಸ್ಕಿನಲ್ಲೂ ಇರಲಿ.

ಆದಿತ್ಯನ ಬಾಗಿಲು ಬೇರೆ. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ಇಸ್ರೊ ದತ್ತಾಂಶ ಕೇಂದ್ರದ ‘ಪ್ರದಾನ್’ ತಾಣದಲ್ಲಿ ಹೆಸರು ನೋಂದಾಯಿಸಿ ಒಳಗೆ ಹೋಗಬೇಕು. ಎಲ್ಲ ದಿನವೂ ಎಲ್ಲ ಉಪಕರಣದ ಫೈಲ್ ಇರುವುದಿಲ್ಲ, ಮೊದಲು ತಾರೀಖು ನೋಡಿಕೊಳ್ಳಿ. ಮೃದು (ಕಡಿಮೆ ಶಕ್ತಿಯ) ಎಕ್ಸ್-ಕಿರಣ ಅಳೆಯುವ ಸೋಲೆಕ್ಸ್‌ನಲ್ಲಿ ಎರಡು ಸಂವೇದಕಗಳಿವೆ: ಒಂದರ ಕಿಂಡಿ ದೊಡ್ಡದು, ಇನ್ನೊಂದರದು ಚಿಕ್ಕದು. ಎಕ್ಸ್ ದರ್ಜೆಯ ಜ್ವಾಲೆಗೆ ದೊಡ್ಡ ಕಿಂಡಿಯ ಫೈಲ್ ತೆರೆದರೆ ಶಿಖರವೇ ಚಪ್ಪಟೆಯಾಗಿ ಕಾಣುತ್ತದೆ. ಅದು ಸೂರ್ಯನ ಗುಣವಲ್ಲ, ಸಂವೇದಕದ ಉಸಿರು ಕಟ್ಟಿದ್ದು.

ಫೈಲ್ ಕೈಗೆ ಬಂದ ಮೇಲೂ ಚಿತ್ರ ನೋಡುವ ಆತುರ ಬೇಡ. ಖಗೋಳ ದತ್ತಾಂಶವಿಡುವ ಫಿಟ್ಸ್ ಮಾದರಿಯ ಪ್ರತಿ ಫೈಲಿನ ತಲೆಯಲ್ಲಿ ‘ಹೆಡರ್’ ಎಂಬ ಜಾತಕವಿರುತ್ತದೆ: ಯಾವಾಗ ತೆಗೆದದ್ದು, ಎಷ್ಟು ಹೊತ್ತು ಕಣ್ಣು ತೆರೆದಿತ್ತು, ಒಂದು ಪಿಕ್ಸೆಲ್ ಎಂದರೆ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಪಾಲು), ಸೂರ್ಯನ ಉತ್ತರ ಯಾವ ಕಡೆಗೆ, ನೌಕೆ ಎಲ್ಲಿತ್ತು. ಎಸ್‌ಡಿಒದ್ದೇ ಇನ್ನೊಂದು ಉಪಕರಣ ಎಚ್‌ಎಂಐ. ಅದರ ಕಾಂತಕ್ಷೇತ್ರದ ಚಿತ್ರ ಹೆಚ್ಚುಕಡಿಮೆ 180 ಡಿಗ್ರಿ ತಿರುಗಿಯೇ ಬರುತ್ತದೆ. ಸೋಹೊ ನೌಕೆಯ ಆಂಟೆನಾ 2003ರಲ್ಲಿ ಸಿಕ್ಕಿಕೊಂಡ ಮೇಲೆ ನೌಕೆಯನ್ನೇ ಮೂರು ತಿಂಗಳಿಗೊಮ್ಮೆ ತಲೆಕೆಳಗು ಮಾಡುತ್ತಾರೆ. ಜಾತಕ ಓದದವರಿಗೆ ದಕ್ಷಿಣದ ಸೂರ್ಯಕಲೆ ಉತ್ತರದಲ್ಲಿ ಕಾಣುತ್ತದೆ, ಅದೂ ಪೂರ್ವ-ಪಶ್ಚಿಮ ಅದಲುಬದಲಾಗಿ.

ಇದಕ್ಕಿಂತ ಸೂಕ್ಷ್ಮವಾದದ್ದು ದೂರದ ಲೆಕ್ಕ. ಎಸ್‌ಡಿಒ ಭೂಮಿಯ ಸುತ್ತ ಇದೆ. ಆದಿತ್ಯ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಮುಂದೆ. ಭೂಮಿ-ಸೂರ್ಯರ ನಡುವಿನ 15 ಕೋಟಿಯಲ್ಲಿ 15 ಲಕ್ಷವೆಂದರೆ ನೂರಕ್ಕೆ ಒಂದು, ಅಷ್ಟೇ ತಾನೆ ಎನಿಸಬಹುದು. ಆದರೆ ಭೂಮಿಯಿಂದ ಕಾಣುವ ಸೂರ್ಯನ ತ್ರಿಜ್ಯ ಸುಮಾರು 960 ಆರ್ಕ್‌ಸೆಕೆಂಡ್. ಆದಿತ್ಯನ ಕಣ್ಣಿಗೆ ಅದು 10 ಆರ್ಕ್‌ಸೆಕೆಂಡ್‌ನಷ್ಟು ದೊಡ್ಡದು. ಆದಿತ್ಯನ ಸೂಟ್ ದೂರದರ್ಶಕದ ಒಂದು ಪಿಕ್ಸೆಲ್ 0.7 ಆರ್ಕ್‌ಸೆಕೆಂಡ್. ಎರಡೂ ಚಿತ್ರಗಳ ನಡುಬಿಂದು ಕೂಡಿಸಿ ಒಂದರ ಮೇಲೊಂದಿಟ್ಟರೆ ಮಧ್ಯದಲ್ಲಿ ಎಲ್ಲವೂ ಸರಿ, ಅಂಚಿಗೆ ಹೋಗುತ್ತ ಹೋಗುತ್ತ 14 ಪಿಕ್ಸೆಲ್ ಜಾರಿರುತ್ತದೆ. ಬಿಂಬದ ನಡುವಿನ ಕಲೆಯೊಂದನ್ನೇ ನೋಡಿ ‘ಹೊಂದಿತು’ ಎಂದುಕೊಂಡವರು ಅಂಚಿನ ಜ್ವಾಲೆಯಲ್ಲಿ ಎಡವುವುದು ಇಲ್ಲೇ.

ಪರಿಹಾರ ಮರುಪ್ರಕ್ಷೇಪಣ. ಸೂಟ್‌ನ ಪ್ರತಿ ಪಿಕ್ಸೆಲ್ ಸೂರ್ಯನ ಮೇಲೆ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ, ಎಸ್‌ಡಿಒ ನಿಂತ ಜಾಗದಿಂದ ಅದು ಎಲ್ಲಿ ಕಾಣುತ್ತಿತ್ತೋ ಅಲ್ಲಿಗೆ ಸರಿಸುವುದು. ಸನ್‌ಪೈ ಇದನ್ನು ಒಂದೇ ಸಾಲಿನಲ್ಲಿ ಮಾಡಿಕೊಡುತ್ತದೆ. ಕೊಟ್ಟ ಮೇಲೆ ಬಿಂಬದ ಹೊರಗಿನದೆಲ್ಲ ಮಾಯವಾದದ್ದು ಕಂಡು ಗಾಬರಿ ಬೇಡ. ಬೆಳಕೆಲ್ಲ ಸೂರ್ಯನ ಮೇಲ್ಮೈಯಿಂದಲೇ ಬಂತೆಂದು ಅದು ನಂಬಿರುತ್ತದೆ. ಅಂಚಿನಾಚೆಯ ಬೆಳಕು ಎಷ್ಟು ದೂರದ್ದೋ ಅದಕ್ಕೆ ತಿಳಿಯದು. ಗೋಳಾಕಾರದ ಪರದೆಯೊಂದನ್ನು ಕಲ್ಪಿಸಿಕೊಟ್ಟರೆ ಮಾಯವಾದದ್ದು ಮರಳುತ್ತದೆ. ಎತ್ತರದ ಪ್ಲಾಸ್ಮಾ ಕಮಾನುಗಳ ಜಾಗದ ಬಗ್ಗೆ ಮಾತ್ರ ಅನುಮಾನ ಇಟ್ಟುಕೊಂಡೇ ಇರಬೇಕು. ಸೋಲಾರ್ ಆರ್ಬಿಟರ್‌ನಂತೆ ಬೇರೆಯೇ ಕೋನದಲ್ಲಿರುವ ನೌಕೆಯ ಚಿತ್ರವಾದರೆ ಈ ತಪ್ಪು ಬಹಳ ದೊಡ್ಡದಾಗುತ್ತದೆ.

ಉಳಿದ ಸಣ್ಣ ಜಾರಾಟವನ್ನು ಎರಡು ಚಿತ್ರಗಳ ಹೋಲಿಕೆಯಿಂದ ಸರಿಪಡಿಸಬಹುದು. ಆದರೆ ಹೋಲುವುದನ್ನೇ ಹೋಲಿಸಬೇಕು. ಸೂಟ್ ಕೆಲಸ ಮಾಡುವುದು 200ರಿಂದ 400 ನ್ಯಾನೋಮೀಟರ್‌ನಲ್ಲಿ. ಅದಕ್ಕೆ ಜೋಡಿ ಎಐಎದ 160 ಅಥವಾ 170 ನ್ಯಾನೋಮೀಟರ್ ಚಾನೆಲ್. ಎರಡರಲ್ಲೂ ಸೂರ್ಯನ ಕೆಳಪದರವೇ ಕಾಣುತ್ತದೆ. 19.3 ನ್ಯಾನೋಮೀಟರ್‌ನಲ್ಲಿ ಕಾಣುವುದು ಹತ್ತು ಲಕ್ಷ ಡಿಗ್ರಿ ಮೀರಿದ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ. ಕಂಪ್ಯೂಟರ್ ಅಲ್ಲೂ ಏನೋ ಒಂದು ಹೊಂದಿಕೆ ಹುಡುಕಿ ಕೊಡುತ್ತದೆ, ತಪ್ಪಾದದ್ದನ್ನು. ಚಿತ್ರಗಳ ನಡುವೆ ಗಂಟೆಯ ಅಂತರವಿದ್ದರೆ ಸೂರ್ಯನ ತಿರುಗುವಿಕೆಯಿಂದಲೇ ಬಿಂಬದ ನಡುವೆ ಸುಮಾರು 9 ಆರ್ಕ್‌ಸೆಕೆಂಡ್ ಸರಿದಿರುತ್ತದೆ.

ಹೊಳಪಿನ ವಿಷಯದಲ್ಲಿ, ಜ್ವಾಲೆ ಎದ್ದಾಗ ಎಐಎ ತಾನಾಗಿಯೇ ಎಕ್ಸ್‌ಪೋಶರ್ ಕಡಿಮೆ ಮಾಡುತ್ತದೆ. ಕಣ್ಣು ತೆರೆದಿದ್ದ ಸೆಕೆಂಡುಗಳಿಂದ ಹೊಳಪನ್ನು ಭಾಗಿಸದಿದ್ದರೆ ಜ್ವಾಲೆಯ ನಡುವೆ ಸೂರ್ಯ ಮಂಕಾದಂತೆ ಕಾಣುತ್ತದೆ. 2010ರಿಂದ ದುಡಿಯುತ್ತಿರುವ ಎಐಎ ಚಾನೆಲ್‌ಗಳ ಕಣ್ಣು ಮಂಜಾಗಿದೆ, 30.4 ನ್ಯಾನೋಮೀಟರ್‌ನದು ಎಲ್ಲಕ್ಕಿಂತ ಹೆಚ್ಚು. ತಿದ್ದುಪಡಿ ಗುಣಕ ಹಾಕಲೇಬೇಕು. ಹಳೆಯ ಜ್ವಾಲೆಗಳ ಜೊತೆ ಹೋಲಿಸುವವರಿಗೆ ಇನ್ನೊಂದು ಗುಂಡಿ ಇದೆ. ಗೋಸ್-8ರಿಂದ 15ರವರೆಗಿನ ಹಳೆಯ ಕಡತಗಳಲ್ಲಿ ದೀರ್ಘ ತರಂಗದ ಅಳತೆಯನ್ನು 0.7ರಿಂದ ಭಾಗಿಸಿದರೆ ಮಾತ್ರ ನಿಜವಾದ ತೀವ್ರತೆ ಸಿಗುತ್ತದೆ. ಗೋಸ್-16ರಿಂದ ಆಚೆಗೆ ಈ ರಗಳೆ ಇಲ್ಲ.

ಎಲ್ಲ ಹೊಂದಿಸಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ಜ್ವಾಲೆಯಲ್ಲಿ ಕಠಿಣ (ಹೆಚ್ಚು ಶಕ್ತಿಯ) ಎಕ್ಸ್-ಕಿರಣ ಶಿಖರಕ್ಕೇರುವುದು ಸಾಮಾನ್ಯವಾಗಿ ಮೃದು ಎಕ್ಸ್-ಕಿರಣ ಅತಿ ವೇಗವಾಗಿ ಏರುತ್ತಿರುವ ಹೊತ್ತಿನಲ್ಲಿ. ಇದಕ್ಕೆ ನ್ಯೂಪರ್ಟ್ ಪರಿಣಾಮ ಎನ್ನುತ್ತಾರೆ. ಹೀಗಾಗಿ ಸೋಲೆಕ್ಸ್ ನಕ್ಷೆಯ ಏರುದರ ತೆಗೆದು, ಆದಿತ್ಯನದೇ ಹೆಲಿಯೊಸ್ ಉಪಕರಣದ ಕಠಿಣ ಎಕ್ಸ್-ಕಿರಣ ನಕ್ಷೆಯ ಪಕ್ಕಕ್ಕಿಡಿ. ಬೇರೆ ನೌಕೆಗಳ ನಕ್ಷೆಯನ್ನೂ ಅದರ ಕೆಳಗೇ ಜೋಡಿಸಿ. ಶಿಖರಗಳು ಸರಿದಿದ್ದರೆ ಎಷ್ಟು ಸರಿದಿವೆ ಎಂದು ಅಳೆಯಿರಿ. 5 ಸೆಕೆಂಡ್ ಆದರೆ ಆದಿತ್ಯ ಇರುವ ಎಲ್1 ತಾಣಕ್ಕೆ ಬೆಳಕು ಬೇಗ ತಲುಪಿದ್ದನ್ನು ಮರೆತಿದ್ದೀರಿ. 37 ಸೆಕೆಂಡ್ ಆದರೆ ಒಂದು ಫೈಲ್ ಪರಮಾಣು ಗಡಿಯಾರದ ಟಿಎಐ ಸಮಯದಲ್ಲಿದೆ. ಎಚ್‌ಎಂಐ ದಾಖಲೆಗಳಲ್ಲಿ ಇದು ಸಾಮಾನ್ಯ. ಸುಮಾರು 350 ಸೆಕೆಂಡ್ ಆದರೆ ಸೂರ್ಯನಿಗೆ 0.3 ಖಗೋಳಮಾನದಷ್ಟು (ಭೂಮಿ-ಸೂರ್ಯರ ಸರಾಸರಿ ದೂರವೇ ಒಂದು ಖಗೋಳಮಾನ) ಹತ್ತಿರ ಹೋಗಿದ್ದ ಸೋಲಾರ್ ಆರ್ಬಿಟರ್‌ನ ಸಮಯವನ್ನು ಭೂಮಿಯ ಲೆಕ್ಕಕ್ಕೆ ತಂದಿಲ್ಲ. 19,800 ಸೆಕೆಂಡ್ ಆದರೆ ಯಾರೋ ಐಎಸ್‌ಟಿಯನ್ನು ಒಳಗೆ ಕರೆದುಕೊಂಡು ಬಂದಿದ್ದಾರೆ.