ಗ್ಯಾಂಗ್ ಪದ್ಧತಿ: ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆ

ಹದಿನೆಂಟನೇ ಶತಮಾನದ ಜಮೈಕಾದಲ್ಲಿ ಕಬ್ಬಿನ ತೋಟ ಬರೀ ಹೊಲವಾಗಿರಲಿಲ್ಲ. ಗಾಣ, ಆಲೆಮನೆ, ರಮ್ ಭಟ್ಟಿ ಎಲ್ಲವೂ ಅದರೊಳಗೇ ಇದ್ದವು. ಇದನ್ನೆಲ್ಲ ನಡೆಸಲು ಬ್ರಿಟಿಷ್ ಮಾಲೀಕರು ಆಫ್ರಿಕಾ ಮೂಲದ ಗುಲಾಮರನ್ನು ಮೈಯ ಕಸುವಿಗೆ ತಕ್ಕಂತೆ ವಿಂಗಡಿಸಿ ದುಡಿಸಿದ ಏರ್ಪಾಡೇ ಗ್ಯಾಂಗ್ ಪದ್ಧತಿ.

ಗಟ್ಟಿಮುಟ್ಟಾದವರೆಲ್ಲ ದೊಡ್ಡ ಗ್ಯಾಂಗಿಗೆ. ಹದಿಹರೆಯದವರು, ಬಾಣಂತಿಯರು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದವರು ಎರಡನೆಯದಕ್ಕೆ. ಮೂರನೆಯದು ಮಕ್ಕಳ ಗ್ಯಾಂಗ್. ಐದಾರು ವರ್ಷ ತುಂಬಿದರೆ ಸಾಕು, ಮಗು ಕಳೆ ಕೀಳಲು, ದನಗಳಿಗೆ ಹುಲ್ಲು ತರಲು ಹೊರಡಬೇಕು. ಅವರ ಮೇಲ್ವಿಚಾರಣೆ ಸಾಮಾನ್ಯವಾಗಿ ಒಬ್ಬ ಮುದುಕಿಯದು. ಹೊಲಕ್ಕೆ ಆಗದ ಮುದುಕರೂ ಬಿಡುವಾಗಿರಲಿಲ್ಲ, ಕಾವಲಿಗೆ ಕೂರುತ್ತಿದ್ದರು.

ದೊಡ್ಡ ಗ್ಯಾಂಗಿನ ಅತಿ ಕಷ್ಟದ ಕೆಲಸ ಕಬ್ಬು ನೆಡಲು ಗುಂಡಿ ತೋಡುವುದು. ಸುಮಾರು ನಾಲ್ಕು ಅಡಿ ಚೌಕ, ಅರ್ಧ ಅಡಿ ಆಳ; ಗಟ್ಟಿ ನೆಲದಲ್ಲಿ ಗುದ್ದಲಿಯಿಂದಲೇ ಅಗೆಯಬೇಕು. ನೇಗಿಲು ಗೊತ್ತಿಲ್ಲದೆ ಏನಲ್ಲ, ಗುಲಾಮರ ಕೈಗಳಿರುವಾಗ ಅದರ ಗೊಡವೆ ಮಾಲೀಕರಿಗೆ ಬೇಕಿರಲಿಲ್ಲ. ಎಲ್ಲರೂ ಸಾಲಾಗಿ ನಿಂತು ಒಂದೇ ವೇಗದಲ್ಲಿ ಮುಂದೆ ಸಾಗಬೇಕು. ಹಿಂದೆ ಚಾವಟಿ ಹಿಡಿದ ಮೇಸ್ತ್ರಿ, ಅವನೂ ಗುಲಾಮನೇ. ಗುಂಡಿಯಾದ ಮೇಲೆ ಗೊಬ್ಬರ: ಸೋರುವ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಇಳಿಜಾರು ಹತ್ತಬೇಕು.

ಈ ಸಾಲಿನಲ್ಲಿ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಬಡಗಿ, ಕಮ್ಮಾರ, ಪೀಪಾಯಿ ಮಾಡುವವನು, ಗಾರೆಯವನು ಇಂಥ ಕಸುಬುಗಳಿಗೆ ಮಾತ್ರ ಗಂಡಸರನ್ನೇ ಆರಿಸುತ್ತಿದ್ದರು. ಮನೆಗೆಲಸ, ಬಟ್ಟೆ ಒಗೆತ, ಸೂಲಗಿತ್ತಿಯ ಕೆಲಸ ಕೆಲವೇ ಹೆಂಗಸರಿಗೆ ಸಿಗುತ್ತಿದ್ದವು. ಉಳಿದವರಿಗೆ ಗುದ್ದಲಿಯೇ ಗತಿ. ಹಾಗಾಗಿ ಶತಮಾನದ ಕೊನೆಯ ಹೊತ್ತಿಗೆ ಅನೇಕ ತೋಟಗಳ ದೊಡ್ಡ ಗ್ಯಾಂಗಿನಲ್ಲಿ ಹೆಂಗಸರೇ ಹೆಚ್ಚಿದ್ದರು. ಗುಲಾಮನೆಂದರೆ ಗಂಡಸಿನ ಚಿತ್ರವನ್ನೇ ಕಣ್ಣ ಮುಂದೆ ತಂದುಕೊಳ್ಳುವ ನಾವು ಇದನ್ನು ಗಮನಿಸುವುದು ಕಡಿಮೆ.

ಕಟಾವಿನ ಕಾಲದಲ್ಲಿ, ಅಂದರೆ ಹೆಚ್ಚುಕಡಿಮೆ ಜನವರಿಯಿಂದ ಮೇ ತಿಂಗಳವರೆಗೆ, ರಾತ್ರಿಯೂ ಕೆಲಸ. ಕಡಿದ ಕಬ್ಬು ಒಂದೆರಡು ದಿನ ಬಿದ್ದಿದ್ದರೆ ರಸ ಕೆಡುತ್ತದೆ. ಹಗಲೆಲ್ಲ ಕಬ್ಬು ಕಡಿದವರೇ ಸರದಿಯಂತೆ ರಾತ್ರಿ ಗಾಣಕ್ಕೆ ಕಬ್ಬು ಕೊಡಬೇಕು. ತೂಕಡಿಸಿದರೆ ಉರುಳೆಗಳ ನಡುವೆ ಬೆರಳು ಸಿಕ್ಕಿ, ಹಿಂದೆಯೇ ತೋಳೂ ಒಳಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ತೋಳು ಕತ್ತರಿಸಿ ಜೀವ ಉಳಿಸಲೆಂದು ಗಾಣದ ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು.

ಆಲೆಮನೆಯ ಕೆಲಸ ಬೇರೆಯೇ. ರಸವನ್ನು ದೊಡ್ಡ ಕೊಪ್ಪರಿಗೆಯಿಂದ ಸಣ್ಣದಕ್ಕೆ ದಾಟಿಸುತ್ತ, ಸುಣ್ಣ ಹಾಕಿ, ಮಡ್ಡಿ ತೆಗೆದು ಕಾಯಿಸಬೇಕು. ಕೊನೆಯ ಕೊಪ್ಪರಿಗೆಯ ಬಳಿ ನಿಂತವನು ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಎಳೆ ತುಂಡಾಗುವ ರೀತಿಯಿಂದಲೇ ಹದ ಹೇಳುತ್ತಿದ್ದ. ನಮ್ಮ ಆಲೆಮನೆಗಳಲ್ಲಿ ಬೆಲ್ಲದ ಹದ ನೋಡುವವರಿಗೆ ಈ ಪರಿಣತಿ ಎಂಥದ್ದೆಂದು ಗೊತ್ತು. ವರ್ಷದ ಫಸಲೆಲ್ಲ ಅವನ ಬೆರಳ ತುದಿಯಲ್ಲಿತ್ತು, ಅವನ ಮೈ ಮಾತ್ರ ಮಾಲೀಕನ ಲೆಕ್ಕದ ಪುಸ್ತಕದಲ್ಲಿತ್ತು. ವೆಸ್ಟ್‌ಮೋರ್‌ಲ್ಯಾಂಡ್ ಪ್ರಾಂತದ ಮೆಸೊಪೊಟೇಮಿಯ ಎಂಬ ತೋಟದಲ್ಲಿ ಬರೆದಿಟ್ಟ ಪಟ್ಟಿಗಳು ಉಳಿದಿವೆ: ಹೆಸರು, ವಯಸ್ಸು, ಕೆಲಸ, ದೇಹಸ್ಥಿತಿ. ದನಕರುಗಳ ಲೆಕ್ಕವೂ ಅದರ ಜೊತೆಗೇ.

ಎಲ್ಲೆಡೆ ಇದೇ ಕ್ರಮವಿರಲಿಲ್ಲ. ಅಮೆರಿಕದ ಸೌತ್ ಕೆರೊಲಿನಾದ ಭತ್ತದ ಗದ್ದೆಗಳಲ್ಲಿ ಇದ್ದದ್ದು ಟಾಸ್ಕ್ ಪದ್ಧತಿ. ದಿನಕ್ಕೆ ಸುಮಾರು ಕಾಲು ಎಕರೆ ಎಂದು ಗೊತ್ತುಪಡಿಸಿದ ಕೆಲಸ ಮುಗಿಸಿದರೆ ಉಳಿದ ಹೊತ್ತು ಅವರದು. ಗ್ಯಾಂಗಿನಲ್ಲಿ ಬೇಗ ಮುಗಿಸಿ ಪ್ರಯೋಜನವಿರಲಿಲ್ಲ, ಕತ್ತಲಾಗುವವರೆಗೆ ಸಾಲು ಬಿಡುವಂತಿಲ್ಲ. ಜಮೈಕಾದವರು ತಮ್ಮ ಹೊಟ್ಟೆಗೆ ಬೇಕಾದ ಗೆಣಸು, ಬಾಳೆಗಳನ್ನು ಭಾನುವಾರಗಳಂದು ತುಂಡು ನೆಲದಲ್ಲಿ ತಾವೇ ಬೆಳೆದುಕೊಳ್ಳಬೇಕಿತ್ತು.

ಗುಲಾಮಗಿರಿ ರದ್ದತಿಯ ಕಾಯ್ದೆ ಜಾರಿಗೆ ಬಂದದ್ದು 1834ರ ಆಗಸ್ಟ್ 1ರಂದು. ಪೂರ್ಣ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಬ್ರಿಟಿಷ್ ಸರ್ಕಾರ ತನ್ನ ವಸಾಹತುಗಳ ಮಾಲೀಕರಿಗೆ ಪರಿಹಾರವೆಂದು 2 ಕೋಟಿ ಪೌಂಡ್ ಗೊತ್ತುಮಾಡಿತು, ದುಡಿದವರಿಗೆ ಬಿಡಿಗಾಸೂ ಇಲ್ಲ. ಅನೇಕರು ತೋಟ ಬಿಟ್ಟು ತಮ್ಮದೇ ತುಂಡು ಭೂಮಿಗೆ ಹೋದರು. ಆಗ ಕಬ್ಬಿನ ಹೊಲಗಳಿಗೆ ಮಾಲೀಕರು ಕರಾರು ಕೂಲಿಗಳನ್ನು ಹುಡುಕಿದರು. 1845ರಿಂದ ಹಡಗುಗಳು ಭಾರತದಿಂದಲೂ ಜನರನ್ನು ಜಮೈಕಾಕ್ಕೆ ಸಾಗಿಸತೊಡಗಿದವು.